ಸರ್ವರ್ ಕೆಟ್ಟಿರಲಿಲ್ಲ

ಶನಿವಾರ, ಮಾರ್ಚ್ 14
ಗ್ರಂಥಾಲಯದ ಹಿಂದಿನ ಕೋಣೆ

ಪ್ರೀತಿಯ ಗುಬ್ಬಿ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಚೀಲದಲ್ಲಿಟ್ಟುಕೊಂಡು ದಿನಾ ಕೆಲಸಕ್ಕೆ ತರುತ್ತೇನೆ, ದಿನಾ ಹಾಗೆಯೇ ವಾಪಸು ಒಯ್ಯುತ್ತೇನೆ. ಇ-ಮೇಲಿನಲ್ಲಿ ಬರೆದು ಎರಡು ಸಲ ಅಳಿಸಿದ್ದಾಯಿತು. ಪೆನ್ನಿನಲ್ಲಿ ಬರೆದರೆ ಅಷ್ಟು ಸುಲಭವಾಗಿ ಅಳಿಸಲಾಗದು ಎಂದು ಇದನ್ನು ಹಿಡಿದಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

‘ಹನ್ನೊಂದು ತಿಂಗಳಾದ್ರೂ ನಿನ್ನ ಸರ್ವರ್ ರಿಪೇರಿ ಆಗಲಿಲ್ವಾ ಅಕ್ಕಾ, ಅಣ್ಣಾನೂ ಕೇಳ್ತಿದ್ದಾನೆ’ ಎಂದು ಬರೆದಿದ್ದೀಯ. ನಾವು ಭಾನುವಾರ ವಿಡಿಯೋದಲ್ಲಿ ಸೇರುತ್ತಿದ್ದ ಆ ಸರ್ವರ್ ಕೆಟ್ಟಿಲ್ಲ, ಗುಬ್ಬಿ. ಒಂದು ದಿನವೂ ಕೆಟ್ಟಿರಲಿಲ್ಲ. ಈಗಲೂ ನನ್ನ ಮೇಜಿನ ಕೆಳಗೆ, ಹಳೆಯ ಪತ್ರಿಕೆಗಳ ಕಟ್ಟಿನ ಪಕ್ಕ, ಫ್ಯಾನು ಗುರ್ರೆನ್ನುತ್ತಾ ಕೂತಿದೆ. ಓದುಗರ ಪುಸ್ತಕ ಚರ್ಚೆ, ಹೊಲಿಗೆ ಟೀಚರ ತರಗತಿ ಎಲ್ಲವೂ ಅದರ ಮೇಲೆಯೇ ನಡೆಯುತ್ತಿವೆ. ನಮ್ಮ ಮನೆಯವರಿಗೆ ಮಾತ್ರ ಅದು ಕೆಟ್ಟಿದೆ ಎಂದು ನಾನು ಸುಳ್ಳು ಹೇಳಿದೆ.

ಮೊದಲ ಸಲ ನಿಮ್ಮನ್ನೆಲ್ಲ ಅದರಲ್ಲಿ ಸೇರಿಸಿದಾಗ ಎಷ್ಟು ಕೊಚ್ಚಿಕೊಂಡಿದ್ದೆ ನಾನು. ಇದು ಓಪನ್ ಸೋರ್ಸ್ ತಂತ್ರಾಂಶ, ಯಾವ ಕಂಪನಿಯ ಹಂಗೂ ಇಲ್ಲ, ಒಳಗೆ ಏನಿದೆಯೆಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು ಎಂದು ಭಾಷಣ ಬಿಗಿದಿದ್ದೆ. ಅಣ್ಣ ಒಪ್ಪಿದ್ದು ಮಾತ್ರ ಬೇರೆ ಪುಕ್ಕಟೆ ಆ್ಯಪುಗಳ ಹಾಗೆ ನಲವತ್ತು ನಿಮಿಷಕ್ಕೆ ಮೀಟಿಂಗ್ ಕಡಿದುಹೋಗುವುದಿಲ್ಲ ಎಂಬ ಕಾರಣಕ್ಕೆ; ಅವನು ಮಾತಿಗೆ ಕೂತರೆ ಏಳುವವನಲ್ಲವಲ್ಲ. ಆರು ವರ್ಷ ಭಾನುವಾರ ಭಾನುವಾರ ನಾವು ನೋಡಿದ್ದು ಅವನ ಹಣೆಯನ್ನು. ಅಮ್ಮ ನನ್ನ ಪಕ್ಕ ಕೂತು, ನೀನು ಬಾಯಿ ತೆರೆದಾಗಲೆಲ್ಲ ಪರದೆಗೆ ಕಿವಿ ಹಚ್ಚುತ್ತಿದ್ದಳು. ನಿನಗೆ ಕಾಣುತ್ತಿದ್ದುದು ಅವಳ ಕಿವಿ ಮಾತ್ರ.

ಈಗ ಆ ಗುರುವಾರಕ್ಕೆ ಬರುತ್ತೇನೆ. ಸುತ್ತು ಬಳಸಿ ಸಾಕಾಗಿದೆ.

ಅಮ್ಮನಿಗೆ ಪ್ರಜ್ಞೆ ಇರಲಿಲ್ಲ. ಆಪರೇಷನ್ ಮಾಡಿದರೆ ಒಂದು ಆಸೆ, ಇಲ್ಲದಿದ್ದರೆ ಎರಡು ಮೂರು ದಿನ, ಹನ್ನೆರಡು ಗಂಟೆಯೊಳಗೆ ಹೇಳಿ ಎಂದಿದ್ದರು ಡಾಕ್ಟರು. ನಾನು ಆಸ್ಪತ್ರೆಯ ಮೊಗಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಮ್ಮಿಬ್ಬರನ್ನೂ ಕರೆದೆ. ನೆಲ ಒರೆಸುವಾಕೆ ಕಾಲೆತ್ತಿ ಎಂದಾಗ ಕಾಲೆತ್ತಿದೆ. ಅಣ್ಣ ಮಾಡಿಸೋಣ ಎಂದ. ಆಗ ನೀನು, ‘ಒಂದು ನಿಮಿಷ, ಹೋದ ತಿಂಗಳು ಅಮ್ಮ ನನ್ನ ಹತ್ರ ಏನು ಹೇಳಿದ್ಲು ಅಂದ್ರೆ’ ಎಂದು ಶುರು ಮಾಡಿದೆ.

ಅಲ್ಲಿಗೆ ನಿನ್ನ ದನಿ ನಿಂತಿತು. ನಿಲ್ಲಿಸಿದವಳು ನಾನು. ಸಭೆ ನಡೆಸುವವರಿಗೆ ಎಲ್ಲರ ಹೆಸರಿನ ಮುಂದೆ ಒಂದು ಮೈಕಿನ ಗುರುತು ಇರುತ್ತದೆ. ಒತ್ತಿದರೆ ಅವರ ಮೈಕ್ ಮುಚ್ಚುತ್ತದೆ. ನಿನ್ನದನ್ನು ಒತ್ತಿದೆ. ನಿನ್ನ ತುಟಿ ಇನ್ನೂ ಸ್ವಲ್ಪ ಹೊತ್ತು ಆಡುತ್ತಲೇ ಇತ್ತು. ಅಣ್ಣ ‘ಗುಬ್ಬಿ ದನಿ ಬರ್ತಿಲ್ವಲ್ಲ’ ಎಂದ. ‘ಅವಳ ಕಡೆ ನೆಟ್ ಸರಿ ಇಲ್ಲ ಅನ್ಸುತ್ತೆ’ ಎಂದೆ. ನೀನು ಮಾತು ನಿಲ್ಲಿಸಿ ತಲೆ ತಗ್ಗಿಸಿದೆ. ನಾನು ಒಳಗೆ ಹೋಗಿ ಸಹಿ ಹಾಕಿದೆ.

ಮುಚ್ಚಿದ ಮೈಕನ್ನು ನಾನು ತೆರೆಯುವಂತಿರಲಿಲ್ಲ. ಆ ತಂತ್ರಾಂಶದಲ್ಲಿ ಹಾಗೇ ಇದೆ: ಇನ್ನೊಬ್ಬರ ಮೈಕ್ ಮುಚ್ಚಬಹುದು, ತೆರೆಯುವುದನ್ನು ಅವರೇ ಮಾಡಬೇಕು. ಯಾರ ಮನೆಯ ಮಾತೂ ಅವರಿಗೆ ಗೊತ್ತಿಲ್ಲದೆ ಹೊರಗೆ ಕೇಳಿಸಬಾರದಲ್ಲ. ಆದರೆ ಅದರ ಹಿಂದೆ ಅಡಗಿಕೊಳ್ಳುವುದಿಲ್ಲ. ನಿನಗೊಂದು ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಸಂಜೆ ನೀನೇ ಮಾಡಿ ‘ಹಾಳಾದ ನೆಟ್ಟು’ ಎಂದು ಬೈದೆ. ನಾನು ಹೂಂ ಎಂದೆ.

ನೀನು ಏನು ಹೇಳಲು ಹೊರಟಿದ್ದೆ ಎಂದು ನನಗೆ ಗೊತ್ತಿತ್ತು. ಅಮ್ಮ ನನಗೂ ಹೇಳಿದ್ದಳು, ನಾನು ಅವಳ ತಲೆ ಬಾಚುತ್ತಿದ್ದಾಗ. ‘ನನ್ನನ್ನ ಕೊಯ್ಯೋಕೆ ಬಿಡಬೇಡ ಕಣೇ, ಇದ್ದಷ್ಟು ದಿನ ಮನೇಲೇ ಇರ್ತೀನಿ’ ಎಂದಳು. ‘ಸುಮ್ನಿರಮ್ಮ, ಏನೇನೋ ಮಾತಾಡ್ಬೇಡ’ ಎಂದು ಗದರಿದ್ದೆ. ನೀನು ಆ ಮಾತನ್ನು ಹೇಳಿ ಮುಗಿಸಿದ್ದರೆ ಅಣ್ಣ ನನ್ನನ್ನು ಕೇಳುತ್ತಿದ್ದ, ನಾನು ಹೌದು ಎನ್ನಬೇಕಾಗುತ್ತಿತ್ತು. ನನಗೆ ಅಮ್ಮ ಬೇಕಾಗಿದ್ದಳು. ಇದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ.

ಆಮೇಲಿನ ಮೂವತ್ತೆಂಟು ದಿನದಲ್ಲಿ ಒಂದಷ್ಟನ್ನು ನೀನೂ ಬಂದು ನೋಡಿದ್ದೀಯ. ಬಾಯಲ್ಲಿ ನಳಿಗೆ ಇದ್ದುದರಿಂದ ಅವಳಿಗೆ ಮಾತಾಡಲಾಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನೀವಿಬ್ಬರೂ ನಿಮ್ಮ ನಿಮ್ಮ ಊರಿಗೆ ವಾಪಸು ಹೋದ ಮೇಲೂ ಹಾಗೇ ನೋಡುತ್ತಿದ್ದಳು. ಮನೆಗೆ ಬರಲೇ ಇಲ್ಲ.

ಅದಕ್ಕೇ ಭಾನುವಾರದ ಮೀಟಿಂಗ್ ನಿಲ್ಲಿಸಿದೆ. ನೀನು ಏನಾದರೂ ಹೇಳಲು ಬಾಯಿ ತೆರೆದರೆ ನನ್ನ ಬೆರಳು ಎಲ್ಲಿರುತ್ತದೋ ಎಂಬ ಹೆದರಿಕೆ. ದಿನವಿಡೀ ಊರವರ ಮೀಟಿಂಗುಗಳಿಗೆ ‘ಕೇಳಿಸ್ತಿದೆಯಾ, ಕೇಳಿಸ್ತಿದೆಯಾ’ ಎಂದು ಕೂಗಿ ಮನೆಗೆ ಹೋದರೆ ಯಾರ ಜೊತೆಗೂ ಮಾತು ಬೇಡ ಅನಿಸುತ್ತದೆ. ತುಂಬ ದಣಿದಿದ್ದೇನೆ ಕಣೇ.

ಸಭೆ ನಡೆಸುವ ಅಧಿಕಾರವನ್ನು ನಿನ್ನ ಹೆಸರಿಗೆ ಬದಲಾಯಿಸಿದ್ದೇನೆ. ನಾನಿನ್ನು ಬಂದು ಕೂರುವವಳು ಅಷ್ಟೆ. 29ನೇ ತಾರೀಕು ಭಾನುವಾರ, ಹತ್ತು ಗಂಟೆ. ಅಣ್ಣನಿಗೆ ನಾನೇ ಹೇಳುತ್ತೇನೆ. ನೀನು ಬಂದರೆ ಬಾ. ಬರದಿದ್ದರೆ ಯಾಕೆಂದು ಕೇಳುವ ಮುಖ ನನಗಿಲ್ಲ.

ನಿನ್ನ
ಅಕ್ಕ

ಮರೆತದ್ದು: ಲಕೋಟೆ ಅಂಟಿಸುವ ಮೊದಲು ಆ ಗುರುವಾರ ಯಾರು ಯಾವಾಗ ಏನು ಒತ್ತಿದರೆಂಬ ದಾಖಲೆಯನ್ನು ಸರ್ವರಿನಲ್ಲಿ ತೆರೆದೆ. ಇಷ್ಟು ದಿನ ತೆರೆದಿರಲಿಲ್ಲ. ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ನಾನು ಮೈಕ್ ಮುಚ್ಚಿದ್ದು ಇದೆ. ಅದರ ಕೆಳಗಿನ ಸಾಲಿನಲ್ಲಿ, ‘ಸಭೆ ನಡೆಸುವವರು ನಿಮ್ಮ ಮೈಕ್ ಮುಚ್ಚಿದ್ದಾರೆ’ ಎಂಬ ಸೂಚನೆ ನಿನ್ನ ಪರದೆಯ ಮೇಲೆ ಬಂದದ್ದು ಇದೆ. ಇಪ್ಪತ್ತು ಸೆಕೆಂಡಿಗೆ ನೀನು ‘ಸರಿ’ ಎಂದು ಒತ್ತಿ ಅದನ್ನು ತೆಗೆದುಹಾಕಿದ್ದೀಯ. ಮತ್ತೆ ಮೈಕ್ ತೆರೆಯಲೇ ಇಲ್ಲ. ನಿನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನನ್ನ ಹತ್ತಿರ, ಅಣ್ಣನ ಹತ್ತಿರ, ನೆಟ್ಟನ್ನೇ ಬೈದೆ. ಗುಬ್ಬಿ, ನಿನಗೂ ಅಮ್ಮ ಬೇಕಾಗಿದ್ದಳಾ?