ಸಿಂಹದ ಕೊರಳಿನ ಹೆಸರು

ಓಲ್ಕೆರಿ ದೊಡ್ಡಿ, ಅಂಬೊಸೆಲಿ ಕಾಡಿನಂಚು
ನವೆಂಬರ್ ೯

ತಮ್ಮ ಸಿರೊಂಕಾನಿಗೆ,

ನಿನ್ನ ದನ ಹೇಗಿವೆ, ಮಕ್ಕಳು ಹೇಗಿದ್ದಾರೆ ಎಂದು ಮೊದಲು ಕೇಳಬೇಕು. ಕೇಳಿದ್ದೇನೆ ಅಂದುಕೋ. ನೀನು ಹೇಳಿಕಳಿಸಿ ಬಹಳ ದಿನವಾಯಿತು, ಉತ್ತರ ತಡವಾಯಿತು. ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು. ಮಿಷನ್ ಶಾಲೆಯವರು ನಮಗೆ ಬೈಗುಳದ ಕಾಗುಣಿತ ಕಲಿಸಿರಲಿಲ್ಲವಲ್ಲ.

ಇಲ್ಲಿ ಮಳೆ ಬಂತು. ಹುಲ್ಲು ಮೊಣಕಾಲೆತ್ತರ ಎದ್ದಿದೆ. ತಿನ್ನಲು ಕೆಂಪು ಹಸು ಮಾತ್ರ ಇಲ್ಲ. ಅದು ಯಾರ ಹಸುವೆಂದು ನಿನಗೆ ಗೊತ್ತು. ನನ್ನ ಮಗ ಹುಟ್ಟಿದ ದಿನ ಅಪ್ಪ ಅವನಿಗೆ ಕೊಟ್ಟ ಹಸುವಿನ ಮೊಮ್ಮಗಳು ಅದು. ಅದನ್ನು ನಿನ್ನ ಸಿಂಹ ದೊಡ್ಡಿಯೊಳಗೇ ಬಂದು ತಿಂದಿತು. ನಿನ್ನ ಸಿಂಹ ಅಂದೆ ಎಂದು ಮುಖ ಊದಿಸಬೇಡ. ಕೊರಳಿಗೆ ಜಾಡು ತಿಳಿಸುವ ಪಟ್ಟಿ ಕಟ್ಟಿಸಿದವನು ನೀನು, ಹೆಸರಿಟ್ಟವನೂ ನೀನು.

ಮಾರನೆಯ ಬೆಳಿಗ್ಗೆ ಹುಡುಗರು ಈಟಿ ಹಿಡಿದು ಹೊರಟಾಗ ನೀನು ಬೈಕಿನಲ್ಲಿ ಬಂದು ಅಡ್ಡ ನಿಂತೆ.

"ದಾರಿ ಬಿಡಪ್ಪಾ, ಇಲ್ಲಾಂದ್ರೆ ನಿನಗೂ ಒಂದು ಈಟಿ ಹಾಕ್ತೀವಿ" ಅಂದ ಅವರಲ್ಲಿ ಮುಂದಿದ್ದ ಮೆಪುಕೋರಿ.

"ಮೊದ್ಲು ನನ್ನ ಚುಚ್ಚೋ" ಅಂದೆ ನೀನು.

ಅವರ ವಯಸ್ಸಿನಲ್ಲಿ ಸಿಂಹ ಕೊಂದು, ಅದರ ಜೂಲನ್ನು ತಲೆಗೇರಿಸಿಕೊಂಡು ಕುಣಿದವನು ನೀನೇ, ಈಗ ಸಿಂಹ ಕಾಯುವ ಕೆಲಸಕ್ಕೆ ಸೇರಿದ್ದೀಯ. ಇರಲಿ. ಆಮೇಲೆ ಎಲ್ಲರೆದುರು ನನ್ನ ಕಡೆ ತಿರುಗಿದೆ: "ಅಕ್ಕಾ, ಬೇಲಿ ಗಟ್ಟಿಯಾಗೇ ಇದೆ, ಹಾರಿದ ಗುರುತಿಲ್ಲ. ನಿನ್ನ ಬಾಗಿಲಿಗೆ ಅಡ್ಡ ಹಾಕಿದ ಮುಳ್ಳು ಯಾರು ಎಳೆದ್ರು?"

ನಾನು ಬಾಯಿ ತೆಗೆಯುವ ಮೊದಲೇ ಸವತಿ ಸಿಯಾಮಂತಾ, "ಮಗ ತನ್ನ ಹಸು ತಾನೇ ತಿನ್ನೋಕೆ ಬಂದಿದ್ದಾನೆ ಬಿಡು, ಅವನಿಗ್ಯಾತರ ಬಾಗಿಲು!" ಅಂದಳು. ಎಲ್ಲರೂ ನಕ್ಕರು. ನೀನು ನೆಲ ನೋಡಿದೆ.

ಆ ಸಿಂಹ ಮರಿಯಾಗಿದ್ದಾಗ "ನನ್ನ ಅಳಿಯನಷ್ಟೇ ಮೊಂಡ ಇದು" ಎಂದು ನೀನು ನನ್ನ ಮಗನ ಹೆಸರನ್ನೇ ಇಟ್ಟೆ. ಆಗ ಅವನಿದ್ದ. ಸಿಂಹಕ್ಕೆ ತನ್ನ ಹೆಸರೆಂದು ಊರೆಲ್ಲ ಹೇಳಿಕೊಂಡು ತಿರುಗಿದ. ಬರಗಾಲದಲ್ಲಿ ದನ ಹೊಡೆದುಕೊಂಡು ಬೆಟ್ಟ ಹತ್ತಿದವನು ಅಲ್ಲೇ ಜ್ವರ ಬಂದು ಹೋದ. ದನ ಮರಳಿದವು, ಅವನ ಮುಖ ನಾನು ನೋಡಲಿಲ್ಲ.

ಸತ್ತವರ ಹೆಸರನ್ನು ನಾವು ಬಾಯಿಗೆ ತರುವುದಿಲ್ಲ. ಅಪ್ಪ ಸತ್ತಾಗ, ಅವನ ಹೆಸರಿನಂತೆಯೇ ಕೇಳಿಸುತ್ತದೆಂದು ಸೋರೆಬುರುಡೆಗೇ ಬೇರೆ ಮಾತು ಹುಡುಕಿದ ಮನೆ ನಮ್ಮದು. ಹೆತ್ತವಳು ನಾನೇ ಬಾಯಿ ಹೊಲಿದುಕೊಂಡಿದ್ದೇನೆ. ನಿನ್ನ ಸಿಂಹಕಾವಲಿನವರು ಮಾತ್ರ ಫೋನಿನಲ್ಲಿ ದಿನಾ ಆ ಹೆಸರು ಕೂಗುತ್ತಾರೆ. ಹೊಳೆ ದಾಟಿದ, ಮರದಡಿ ಮಲಗಿದ, ಹಸಿದಿದ್ದಾನೆ. ಸತ್ತ ಮಗ ಹಸಿದಿದ್ದಾನೆ ಎಂಬ ಸುದ್ದಿಯನ್ನು ಯಾವ ತಾಯಿ ಕೇಳಬೇಕೋ?

ಅವನು ಹೋದಂದೇ ಆ ಹೆಸರು ಬದಲಾಯಿಸು ಎಂದು ಬೇಡಿಕೊಂಡೆ. "ಆಗಲ್ಲ ಅಕ್ಕಾ, ಆ ಹೆಸರು ದೂರದ ದೇಶದವರಿಗೂ ಗೊತ್ತಾಗಿಬಿಟ್ಟಿದೆ" ಅಂದೆ ನೀನು. ಸೋರೆಬುರುಡೆಗೆ ಆಗಿದ್ದು ಸಿಂಹಕ್ಕೆ ಆಗುವುದಿಲ್ಲವೇ? ದೂರದವರಿಗೆ ನನ್ನ ಮಗ ಗೊತ್ತೇ?

ಹುಣ್ಣಿಮೆಯೊಳಗೆ ಆ ಹೆಸರನ್ನು ಅದರ ಕೊರಳಿನಿಂದ ಬಿಚ್ಚು. ಕುಂಟ ಅನ್ನು, ಕಳ್ಳ ಅನ್ನು, ನಿನ್ನ ಹೆಸರನ್ನೇ ಇಡು. ಇಲ್ಲದಿದ್ದರೆ ಮೆಪುಕೋರಿಗೆ ಅದರ ಜಾಡು ತೋರಿಸುವವಳು ನಾನೇ. ಆಗ ನೀನು ಈಟಿಗೆ ಅಡ್ಡ ಬಂದರೆ ಅಕ್ಕನನ್ನೂ ದಾಟಿ ಬರಬೇಕಾಗುತ್ತದೆ.

ನಿನ್ನ ಹೆಂಡತಿ, ಮಕ್ಕಳು, ಕರುಗಳು ಚೆನ್ನಾಗಿರಲಿ. ಯಾವ ಈಟಿಯೂ ನಿನಗೆ ತಾಗದಿರಲಿ. ಹಿರಿಯಳಾಗಿ ನಿನ್ನ ನೆತ್ತಿಗೆ ಉಗುಳಿ ಹರಸಬೇಕು. ಈ ಸಲ ಬಾಯಿ ಒಣಗಿದೆ.

ನಿನ್ನ ಅಕ್ಕ,
ನೋಂಕಿಪಾ

ಮತ್ತೊಂದು ಮಾತು. ಮುಳ್ಳು ಯಾರು ಎಳೆದರು ಎಂದು ಕೇಳಿದೆಯಲ್ಲ. ಆ ಮುಸ್ಸಂಜೆ ದನ ಕೂಡಿಹಾಕಿ, ಬಾಗಿಲಿಗೆ ಮುಳ್ಳು ಹಾಕಿ ಒಳಗೆ ಕೂತಿದ್ದೆ. ದಿಬ್ಬದ ಮೇಲಿಂದ ನಿನ್ನ ಕಾವಲಿನವನೊಬ್ಬ ಆ ಹೆಸರು ಹಿಡಿದು ಕೂಗಿದ: "ಬಂದ, ಬಂದ! ಬೆಟ್ಟ ಇಳಿದು ಬಂದ! ನೋಂಕಿಪಾಳ ಬಾಗಿಲಿಗೇ ಬರ್ತಿದ್ದಾನೆ!" ಉಳಿದವರೆಲ್ಲ ಕೊಳ್ಳಿ ಹುಡುಕಲು ಓಡಿದರು. ನಾನು ಬುರುಡೆಗೆ ಹಾಲು ತುಂಬಿಕೊಂಡು ಓಡಿಹೋಗಿ, ಮುಳ್ಳು ಎಳೆದು ಬಾಗಿಲು ತೆಗೆದೆ.