ಸೀಬೆ ಮರದ ಗಾಯ

ಮಗಳೇ,

ವಿಚ್ಛೇದನದ ಕಾಗದ ಬಂದಮೇಲೆ ನಿನ್ನನ್ನು ಸೊಸೆ ಎನ್ನುವಂತಿಲ್ಲ. ಹಾಗಾಗಿ ಮಗಳೇ ಎಂದೇ ಬರೆಯುತ್ತಿದ್ದೇನೆ, ಬೇಡವೆನಿಸಿದರೆ ಹೊಡೆದುಹಾಕು.

ನೀನು ಬಿಟ್ಟುಹೋದ ನಾಯಿ, ನಿನ್ನ ಸಾಹೇಬರು, ಚೆನ್ನಾಗಿದ್ದಾರೆ. ಚೆನ್ನಾಗಿಲ್ಲದವಳು ನಾನು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಗಲೆಲ್ಲ ಹೊದಿಕೆ ಮಡಿಸಿ ಬಂದರೆ ಹಿತ್ತಲಲ್ಲಿ ಎರಡನೇ ಪಾಳಿ ಶುರು. ನಾನು ನೆಟ್ಟು ಬೆಳೆಸಿದ ಸೀಬೆ ಮರದ ಬುಡವನ್ನು ಸಾಹೇಬರು ಕೆದರಿ ಬೇರು ಹೊರಗೆ ಹಾಕಿರುತ್ತಾರೆ, ಕಾಂಡಕ್ಕೆ ಉಚ್ಚೆ ಹೊಯ್ದಿರುತ್ತಾರೆ. ನಾನು ಮಣ್ಣು ಮುಚ್ಚಬೇಕು, ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆಯಬೇಕು. ಬುಡಕ್ಕೆ ಖಾರದ ಪುಡಿ ಉದುರಿಸಿದೆ, ಸೀನಿದ್ದು ನಾನು. ಕೆದರಿಕೊಳ್ಳಲಿ ಎಂದು ಮೂಲೆಯಲ್ಲಿ ಮರಳು ಹಾಕಿಸಿದೆ. ಸಾಹೇಬರು ಅದರಲ್ಲಿ ಒಂದು ಕಾಲನ್ನೂ ಇಡಲಿಲ್ಲ. ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದುಹೋಗಿದೆ.

ಕೊನೆಗೆ ತೊಗಟೆಯೇ ಎದ್ದುಬಂತು. ಎಲೆ ಹಳದಿಯಾಗಿ ಉದುರತೊಡಗಿತು. ನಿನ್ನ ಗಂಡ, ಅಲ್ಲ, ನನ್ನ ಮಗ ನೋಡಿ, "ಕಚ್ಚಿ ಕಚ್ಚಿ ಮರ ಸಾಯಿಸ್ತಿದೆ. ಭಾನುವಾರ ಗೋದಾಮಿನವರಿಗೆ ಕೊಟ್ಬಿಡ್ತೀನಿ, ಕಾವಲಿಗೆ ಬೇಕಂತೆ" ಅಂದ. ನಾನು ಹೂಂ ಅಂದೆ. ನನಗೂ ಅಷ್ಟು ಸಾಕಾಗಿಹೋಗಿತ್ತು. ಆದರೆ ನಾಯಿಗೆ ಜಾಗ ಕೊಡುವ ಬಾಡಿಗೆ ಮನೆ ಸಿಕ್ಕಮೇಲೆ ಕರೆದೊಯ್ಯಲು ಬರುತ್ತೇನೆ ಎಂದು ನೀನು ಹೇಳಿ ಹೋಗಿದ್ದೆ. ಅದೂ ಹೋದರೆ ಈ ಬಾಗಿಲಿಗೆ ನೀನು ಬರಲು ಇನ್ನಾವ ಕಾರಣವಿದೆ?

ಮರ ಉಳಿದರೆ ನಾಯಿಯೂ ಉಳಿದೀತು ಎಂದು ಶನಿವಾರ ಸಸಿ ಮಾರುವವನನ್ನು ಕರೆಸಿದೆ. ಅವನು ಗಾಯದ ಮೇಲೆ ಬೆರಳಾಡಿಸಿ, "ಅಮ್ಮಾ, ಇದು ಹಲ್ಲಿನ ಗುರುತಲ್ಲ. ಇಲ್ಲಿ ಸರಪಳಿ ಕಟ್ಟೋರು ಯಾರು?" ಎಂದು ಕೇಳಿದ.

ನಾನೇ. ಕೆಲಸಕ್ಕೆ ಹೋಗುವಾಗ ನೆರಳಲ್ಲಿರಲಿ ಎಂದು ದಿನಾ ಆ ಮರಕ್ಕೇ ಕಟ್ಟುತ್ತಿದ್ದೆ. ಗೇಟಿನ ಸದ್ದಾದಾಗಲೆಲ್ಲ ನಾಯಿ ಎಳೆದಾಡಿ ಸುತ್ತಿದೆ. ಸರಪಳಿ ತೊಗಟೆಯನ್ನು ಉಜ್ಜಿ ತೆಗೆದಿದೆ. ಮೂಲೆಯ ಮರಳು ನಾಯಿಗೆ ಎಟುಕುತ್ತಲೇ ಇರಲಿಲ್ಲ. ಹಿಂಬದಿಯಲ್ಲಿ ಎರಡು ಬೆರಳಗಲ ತೊಗಟೆ ಉಳಿದಿದೆಯಂತೆ, ಮರ ಬದುಕಿದರೆ ಅದರಿಂದಲೇ. ಸಸಿಯವನು ಗಾಯಕ್ಕೆ ಗೋಣಿ ಸುತ್ತಿ, ಎರಡು ಅಡಿ ಆಚೆಗೆ ತಂತಿ ಜಾಲರಿ ನಿಲ್ಲಿಸಿಕೊಟ್ಟು ಹೋದ.

ಸಂಜೆ ಮಗನಿಗೆ, "ತಪ್ಪು ನಾಯೀದಲ್ಲ, ನಂದು. ಅದು ಎಲ್ಲಿಗೂ ಹೋಗಲ್ಲ" ಅಂದೆ. ಅವನು ದನಿ ಏರಿಸಿದ. ನಾನೂ ಏರಿಸಿದೆ, ಜೀವಮಾನದಲ್ಲಿ ಮೊದಲ ಸಲ. ಅವನು ಸುಮ್ಮನಾದ, ಮಗಳೇ. ಒಂದೇ ಮಾತಿಗೆ ಸುಮ್ಮನಾದ.

ಅದನ್ನು ಹೇಳಲೆಂದೇ ಈ ಕಾಗದ. ಆರು ವರ್ಷ ಅವನು ನಿನ್ನ ಮೇಲೆ ಕೂಗಾಡಿದಾಗಲೆಲ್ಲ, ತಪ್ಪು ನಿನ್ನದಲ್ಲವೆಂದು ಗೊತ್ತಿದ್ದೂ, ನಾನು ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದೆ. ನಾಯಿಗಾಗಿ ಆಡಿದ ಮಾತನ್ನು ನಿನಗಾಗಿ ಒಮ್ಮೆಯೂ ಆಡಲಿಲ್ಲ.

ಮನೆ ಸಿಕ್ಕಾಗ ಬಾ. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ನಾನು ಕೆಲಸಕ್ಕೆ ಹೋದ ಹೊತ್ತಲ್ಲಿ ಬಾ. ಗೇಟಿಗೆ ಚಿಲಕ ಮಾತ್ರ ಹಾಕಿರುತ್ತೇನೆ. ನೀನಿರುವ ಮನೆಯಲ್ಲಿ ಇನ್ನು ಯಾರ ದನಿಯೂ ನಿನ್ನ ಮೇಲೆ ಏರದಿರಲಿ.

ಇಂತಿ,
ನಿನಗೆ ಅತ್ತೆಯಾಗಿದ್ದವಳು