ಗೂಟವಿಲ್ಲದ ಡೇರೆ

ಗೂಟದ ಕಾನೂನು ಬಂದ ತೊಂಬತ್ತನೆಯ ವರ್ಷ, ಮೂರನೆಯ ವೈಶಾಖ
ಅಮೀನಗಡದ ಆಚೆಯ ಕಲ್ಲುಬಯಲು

ನಮಗಿಂತ ಬಹಳ ಮೊದಲು ಬದುಕುತ್ತಿರುವ ನಿಮಗೆ,

ಮೇಲೆ ಬರೆದ ದಿನ ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ನಮ್ಮ ವರ್ಷದಲ್ಲಿ ವೈಶಾಖ ಮೂರು ಸಲ ಬರುತ್ತದೆ. ಶ್ರಾವಣ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನನ್ನ ಮಾತುಗಳೂ ಕೆಲವು ಕಡೆ ನಿಮಗೆ ವಿಚಿತ್ರವೆನಿಸಬಹುದು. ಕ್ಷಮಿಸಿ, ಅಂಥವನ್ನು ಬಿಡಿಸಿ ಹೇಳುತ್ತೇನೆ. ನನ್ನ ಹೆಸರು ಹುಲಿಗೆವ್ವ. ನಾನು, ನನ್ನ ಗಂಡ ದ್ಯಾಮಣ್ಣ, ಅತ್ತೆ ನೀಲವ್ವ, ಮೂವರೂ ಒಂದು ಬಂಡಿಯಲ್ಲಿ ಇರುತ್ತೇವೆ. ಬಂಡಿ ಎಂದರೆ ಎತ್ತಿನದಲ್ಲ. ನೀವು ಜೀಪು ಎನ್ನುತ್ತಿದ್ದಿರಲ್ಲ, ಅದರ ಜಾತಿಯದು, ಸ್ವಲ್ಪ ಉದ್ದ. ಬಿಸಿಲಿನ ಮೇಲೆ ಓಡುತ್ತದೆ. ಬಿಸಿಲಿಗೇನೂ ನಮ್ಮಲ್ಲಿ ಕೊರತೆಯಿಲ್ಲ.

ಗೂಟದ ಕಾನೂನು ಏನೆಂದು ಮೊದಲು ಹೇಳಬೇಕು. ಇಡೀ ಊರಿನ ಮೇಲೆ ನೆರಳಿನ ಚಾವಣಿ ಹೊದಿಸಿ, ಒಳಗೆ ಗಾಳಿಯನ್ನು ತಂಪು ಮಾಡಿಕೊಂಡಿರುವ ಊರುಗಳಿಗೆ ನಾವು ತಂಪೂರು ಎನ್ನುತ್ತೇವೆ. ತಂಪೂರಿನಲ್ಲಿ ಮನೆ ಇಲ್ಲದವರು ಬಯಲಿನಲ್ಲಿ ಎಲ್ಲಿಯೂ ನೆಲಕ್ಕೆ ಗೂಟ ಹೊಡೆಯುವಂತಿಲ್ಲ. ಗೂಟ ಹೊಡೆದವನು ಗುಡಿಸಲು ಹಾಕುತ್ತಾನೆ, ಗುಡಿಸಲು ಹಾಕಿದವನು ಗೋಡೆ ಎಬ್ಬಿಸುತ್ತಾನೆ, ಆಮೇಲೆ ಹಕ್ಕು ಕೇಳುತ್ತಾನೆ ಎಂದು ಕಾನೂನು ಬರೆದವರಿಗೆ ಹೆದರಿಕೆ. ನಮ್ಮ ಬಂಡಿಯ ಗಾಲಿ ಮಾತ್ರ ನೆಲ ಮುಟ್ಟಬಹುದು. ನೆಲದ ಮೇಲೆ ಹಾಸಿ ಮಲಗುವಂತೆಯೂ ಇಲ್ಲ. ಏಣಿಯ ಕಾಲು ಕೂಡ ನೆಲಕ್ಕೆ ಊರಕೂಡದು, ಗೇಣು ಮೇಲೆ ತೂಗಾಡುತ್ತಿರಬೇಕು. ನೀರಿರುವ ಕಡೆ ಕೆಲವು ದಿನ ನಿಲ್ಲಲು ಬಿಡುತ್ತಾರೆ. ಅದಕ್ಕೆ ನಿಲುಗಡುವು ಎಂದು ಹೆಸರು. ಗಡುವು ಮುಗಿದರೆ ಮುಂದಿನ ನೀರಿಗೆ ಹೋಗಬೇಕು.

ಹೀಗಾಗಿ ನಾವು ಮಲಗುವುದು ಬಂಡಿಯ ನೆತ್ತಿಯ ಮೇಲೆ, ಮಡಚಿ ಬಿಚ್ಚುವ ಡೇರೆಯಲ್ಲಿ. ಅದಕ್ಕೆ ಮಾಳಿಗೆ ಎನ್ನುತ್ತೇವೆ. ಈ ಸೀಮೆಯ ಹಿರಿಯರು ಬೇಸಿಗೆಯಲ್ಲಿ ಮನೆಯ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗುತ್ತಿದ್ದರಂತೆ. ಮನೆ ಹೋಯಿತು, ಮಾತು ಉಳಿಯಿತು. ಹಾಗೆಯೇ ಜೋಳ ತುಂಬಿಡಲು ನೆಲದಲ್ಲಿ ಹಗೇವು ತೋಡುತ್ತಿದ್ದರಂತೆ. ಈಗ ಬಂಡಿಯ ಹೊರಮೈಗೆ ಬೋಲ್ಟು ಹಾಕಿ ಕೂರಿಸಿದ ತಗಡಿನ ಪೆಟ್ಟಿಗೆಗಳೇ ನಮ್ಮ ಹಗೇವು. ಎಡಗಡೆಯ ಹಗೇವಿನ ಬಾಗಿಲು ಕೆಳಕ್ಕೆ ಬಿದ್ದು ಹಲಗೆಯಾಗುತ್ತದೆ. ಅದರ ಮೇಲೆ ನಾನು ರೊಟ್ಟಿ ಬಡಿಯುತ್ತೇನೆ. ಬಾಗಿಲಂಚಿನ ರಬ್ಬರು ಸವೆದಿದ್ದರೆ ಹಿಟ್ಟಿನೊಳಗೆ ದೂಳು ಸೇರಿ ಹಲ್ಲಿನಲ್ಲಿ ಕರಕರ ಎನ್ನುತ್ತದೆ. ಆದ್ದರಿಂದ ಹಗೇವು ಕೊಳ್ಳುವಾಗ ನಮ್ಮ ಹೆಂಗಸರು ಬಣ್ಣ ನೋಡುವುದಿಲ್ಲ, ರಬ್ಬರನ್ನು ಹಿಚುಕಿ ನೋಡುತ್ತಾರೆ, ತಿರುಗಣಿಯನ್ನು ಅಲುಗಾಡಿಸುತ್ತಾರೆ, ಬೀಗದ ಹತ್ತಿರ ತಗಡು ದಪ್ಪವಿದೆಯೇ ಎಂದು ಉಗುರಿನಲ್ಲಿ ಬಡಿಯುತ್ತಾರೆ. ನಿಮ್ಮ ಕಾಲದಲ್ಲಿ ಇವನ್ನೆಲ್ಲ ರಜೆಯ ವಿನೋದಕ್ಕೆ ಕೊಳ್ಳುತ್ತಿದ್ದರೆಂದು ಕೇಳಿದ್ದೇನೆ. ನಂಬುವುದು ಕಷ್ಟವಾಗುತ್ತದೆ.

ನಮ್ಮ ಹಳೆಯ ಮಾಳಿಗೆ ಹರಿದು ಚಿಂದಿಯಾದ ವರ್ಷ ಕುಷ್ಟಗಿ ದಾರಿಯಲ್ಲಿರುವ ಈರಸಂಗಪ್ಪನ ಗುಜರಿಗೆ ಹೋದೆವು. ಅವನ ಹತ್ತಿರ ಎರಡು ಮಾಳಿಗೆಗಳಿದ್ದವು. ಒಂದು ಚಿಪ್ಪಿನದು: ಮೇಲೆ ಗಟ್ಟಿ ಮುಚ್ಚಳ, ಕೊಂಡಿ ಎಳೆದರೆ ತಾನೇ ಏಳುತ್ತದೆ, ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಒಳಗೆ ಇಬ್ಬರು ಮಲಗಬಹುದು, ಅದೂ ಮಗ್ಗಲು ಬದಲಿಸುವಾಗ ಹೇಳಿಕೊಂಡು. ಇನ್ನೊಂದು ಹಾಸಿನದು: ಪುಸ್ತಕದ ಹಾಗೆ ಬಿಚ್ಚಿಕೊಂಡು, ಅರ್ಧ ಭಾಗ ಬಂಡಿಯ ಪಕ್ಕಕ್ಕೆ ಚಾಚಿ ನಿಲ್ಲುತ್ತದೆ. ಬರೀ ಬಟ್ಟೆ, ಕೋಲು, ಹಗ್ಗ. ಒಳಗೆ ಒಂದು ಸಂಸಾರ ಮಲಗಬಹುದು.

“ತಮ್ಮಾ, ಚಿಪ್ಪಿಂದು ತಗೋ,” ಎಂದ ಈರಸಂಗಪ್ಪ. “ಗಾಳಿ ಬಂತಂದ್ರ ದಪ್ಪಂತ ಮುಚ್ಚಿ ಹೊಂಟಬಿಡತಿ. ಹಾಸಿಂದು ಗಾಳಿಗೆ ರೆಕ್ಕಿ ಬಿಚ್ಚಿದಂಗ. ಹಗ್ಗ ಕಟ್ಟಾಕ ಗೂಟ ಬೇಕು. ಗೂಟ ಎಲ್ಲಿ ಹೊಡಿತಿ?”

“ಚಿಪ್ಪಿನಾಗ ಇಬ್ಬರ ಹಿಡಿತೀವಿ. ನಮ್ಮವ್ವನ್ನ ಎಲ್ಲಿಡ್ಲಿ, ಹಗೇವಿನ್ಯಾಗ?” ಎಂದು ನನ್ನ ಗಂಡ ಕೇಳಿದ.

ಅತ್ತೆ ನಕ್ಕಳು. “ಇಡಪಾ, ಜೋಳದ ಜೋಡಿ ನಾನೂ ನುಸಿ ಹತ್ತದಂಗ ಇರತೀನಿ.”

ನಾವು ಹಾಸಿನದನ್ನೇ ತಂದೆವು. ಮೂವರೂ ಒಂದೇ ಸೂರಿನಡಿ ಮಲಗಬೇಕೆಂದು ಆಸೆಪಟ್ಟೆವು. ಅದನ್ನು ತಪ್ಪೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಅದು ಭಾರವಿತ್ತು. ಬಂಡಿ ನಿಂತಾಗ ನೆತ್ತಿ ಎಷ್ಟು ಹೊರುತ್ತದೋ ಓಡುವಾಗ ಅಷ್ಟು ಹೊರುವುದಿಲ್ಲ, ತಿರುವಿನಲ್ಲಿ ಮಗುಚಿಬಿಡುತ್ತದೆ. ಆದ್ದರಿಂದ ನೆತ್ತಿಯ ಮೇಲಿದ್ದ ನೀರಿನ ಕ್ಯಾನುಗಳನ್ನು ಇಳಿಸಿ ಹಿಂಬಾಗಿಲಿನ ಚೌಕಟ್ಟಿಗೆ ಕಟ್ಟಿದೆವು. ಬೀಸುವ ಕಲ್ಲು ಎಲ್ಲಕ್ಕಿಂತ ಕೆಳಗಿನ ಹಗೇವಿಗೆ ಹೋಯಿತು, ಅದಕ್ಕೆ ಸರಿತೂಗಲು ಆಚೆ ಬದಿಗೆ ಜಾಕು, ಸಲಿಕೆ, ಸರಪಳಿ. ಬಿತ್ತನೆಯ ಜೋಳ ಮಾತ್ರ ಬಂಡಿಯ ಒಳಗೆ, ಸೀಟಿನ ಕೆಳಗೆ ಇತ್ತು. ಬಿತ್ತಲು ನೆಲವಿಲ್ಲದವರಿಗೆ ಬೀಜ ಯಾಕೆ ಎಂದು ನೀವು ಕೇಳಬಹುದು. ಬೀಜ ಅತ್ತೆಯದು, ಅವಳನ್ನು ಯಾರೂ ಕೇಳಲಿಲ್ಲ.

ಮಾಳಿಗೆಯ ಬಟ್ಟೆ ಹಳೆಯದು, ಬಿಸಿಲಿಗೆ ಸುಟ್ಟು ಅಲ್ಲಲ್ಲಿ ಜಾಳಾಗಿತ್ತು. ಅತ್ತೆ ಅದರ ಮೇಲೆ ಕೌದಿ ಹೊಲಿಯುವಂತೆ ತುಂಡಿನ ಪಕ್ಕ ತುಂಡು ಇಟ್ಟು ಹೊಲಿಯುತ್ತಾ ಬಂದಳು. ತೀರಿಹೋದ ಮಾವನ ತಲೆಯ ಪಟಗ, ನನ್ನ ಕುಪ್ಪಸ, ತನ್ನ ಮದುವೆಯ ಇಳಕಲ್ ಸೀರೆಯ ಕೆಂಪು ಸೆರಗು, ಎಲ್ಲ ಅಲ್ಲಿ ಸೇರಿದವು. ಬೆಳಗಿನ ಬಿಸಿಲು ಬಟ್ಟೆಯ ಮೂಲಕ ಒಳಗಿಳಿದಾಗ ನಮ್ಮ ಮೈಮೇಲೆಲ್ಲ ಬಣ್ಣ ಬೀಳುತ್ತಿತ್ತು. ಒಂದಷ್ಟು ಕಾಲ ನಾವು ಚೆನ್ನಾಗಿಯೇ ಇದ್ದೆವು.

ಕಳೆದ ವರ್ಷದ ವೈಶಾಖವೊಂದರಲ್ಲಿ ಇದೇ ಕಲ್ಲುಬಯಲಿನ ಕೆರೆಯ ಬಳಿ ನಿಂತಿದ್ದಾಗ ತಂಪೂರಿನಿಂದ ಒಂದು ಬಂಡಿ ಬಂತು. ತಂಪೂರಿನವರು ವಾರದ ಕೊನೆಗೆ ಹೀಗೆ ಬರುವುದುಂಟು. ಅದಕ್ಕೆ ಅವರು ಉರುಳಾಟ ಎಂದು ಹೆಸರಿಟ್ಟುಕೊಂಡಿದ್ದಾರೆ. ಗಂಡ ಪ್ರಣೀತ, ಹೆಂಡತಿ ಇಂಚರ. ಬಂಡಿಯ ನೆತ್ತಿಯ ಮೇಲೆ ಹೊಚ್ಚ ಹೊಸ ಚಿಪ್ಪಿನ ಮಾಳಿಗೆ, ಎರಡೂ ಬದಿಗೆ ಗೀರು ಬೀಳದ ಹಗೇವುಗಳು. ಪಕ್ಕಕ್ಕೆ ನೆರಳುಬಟ್ಟೆ ಎಳೆದು, ಅದರ ಹಗ್ಗಗಳಿಗೆ ಸಾಲಾಗಿ ಗೂಟ ಹೊಡೆದರು. ಸುತ್ತಿಗೆಯ ಸದ್ದಿಗೆ ಬಯಲಿನಲ್ಲಿದ್ದ ಬಂಡಿಗಳವರೆಲ್ಲ ತಿರುಗಿ ನೋಡಿದರು. ಯಾರೂ ಗೂಟ ಹೊಡೆಯದಂತೆ ಬಯಲು ಕಾಯುವ ಗೂಟಗಾವಲಿನವನೂ ನೋಡಿದ, ನೋಡಿ ಅವರಿಗೆ ನಮಸ್ಕಾರ ಮಾಡಿದ.

ಸಂಜೆಗೆ ಮುಂಚೆ ಪಡುವಣದಿಂದ ಕೆಂದೂಳಿನ ಗೋಡೆ ಎದ್ದಿತು. ಅತ್ತೆ ಮೇಲೆ ಮಾಳಿಗೆಯಲ್ಲಿ ಸ್ವಲ್ಪ ಅಡ್ಡಾಗಿದ್ದಳು. ಮೊದಲ ಗಾಳಿಗೇ ಹಾಸಿನ ಚಾಚಿದ ಭಾಗ ಎದ್ದು ಬಡಿಯತೊಡಗಿತು. ದ್ಯಾಮಣ್ಣ ಹಗ್ಗ ಹಿಡಿದು ಜೋತುಬಿದ್ದ, ನಿಲ್ಲಿಸಲಾಗಲಿಲ್ಲ. ಸಲಿಕೆಯನ್ನು ತೆಗೆದು ನೆಲಕ್ಕೆ ನೆಟ್ಟು ಹಗ್ಗ ಸುತ್ತಲು ಹೋದ. ಗಾವಲಿನವನು ಓಡಿಬಂದ.

“ಏ, ನೆಲದಾಗ ಏನು ನೆಡಾಕತ್ತಿ? ತಗಿ ಅದನ್ನ! ಬಂಡಿ ಜಪ್ತಿ ಆಕ್ಕೈತಿ.”

“ಮ್ಯಾಲೆ ನಮ್ಮವ್ವ ಅದಾಳ್ರಿ. ಗಾಳಿ ನಿಲ್ಲೋತನಕ ಅಷ್ಟ.”

“ತಗಿ ಅಂದ್ರ ತಗಿ.”

ದ್ಯಾಮಣ್ಣ ಕೆರೆಯ ದಂಡೆಯಲ್ಲಿದ್ದ ತಂಪೂರಿನವರ ಕಡೆ ಕೈ ಮಾಡಿದ. “ಅವರು ಹೊಡದಿದ್ದು ಕಾಣವಲ್ದೇನ್ರಿ ನಿಮಗ?”

“ಅವರು ಆಡಾಕ ಬಂದಾರ,” ಎಂದ ಗಾವಲಿನವನು. “ಆಡೋರು ಹೋಗೋಮುಂದ ಗೂಟ ಕಿತಗೊಂಡು ಹೊಕ್ಕಾರ. ನೀವು ಕೀಳೂದಿಲ್ಲ.”

ಅವನು ಸಿಟ್ಟಿನಿಂದ ಹೇಳಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ಮಗುವಿಗೆ ಪಾಠ ಹೇಳುವವನಂತೆ ಸಮಾಧಾನವಾಗಿ ಹೇಳಿದ. ಸಲಿಕೆಯನ್ನು ತಾನೇ ಕಿತ್ತು ಪಕ್ಕಕ್ಕೆ ಎಸೆದ. ಅಷ್ಟರಲ್ಲಿ ಅತ್ತೆ ಇಳಿಯಲು ಏಣಿಗೆ ಕಾಲಿಟ್ಟಿದ್ದಳು. “ಅತ್ತಿ, ತಡೀರಿ, ನಾ ಹಿಡಿತೀನಿ,” ಎಂದು ಕೂಗುತ್ತಾ ಓಡಿದೆ. ನೆಲ ಮುಟ್ಟದ ಏಣಿ ಗಾಳಿಗೆ ಒಂದು ಕಡೆ ಹೋಯಿತು, ಮಾಳಿಗೆ ಇನ್ನೊಂದು ಕಡೆ ಎದ್ದಿತು. ಕೋಲು ಮುರಿದ ಸದ್ದು, ಬಟ್ಟೆ ಸೀಳಿದ ಸದ್ದು. ಅವಳು ಬಿದ್ದ ಸದ್ದು ನನಗೆ ಕೇಳಲೇ ಇಲ್ಲ. ಕಲ್ಲಿನ ಮೇಲೆ ಮಗ್ಗುಲಾಗಿ ಬಿದ್ದಿದ್ದಳು, ಸೊಂಟ ಮುರಿದಿತ್ತು.

ಇಂಚರ ತನ್ನ ಔಷಧಿ ಪೆಟ್ಟಿಗೆ ಹಿಡಿದು ಓಡಿಬಂದಳು. ಅವಳ ಬಗ್ಗೆ ನಾನು ಕೆಟ್ಟ ಮಾತು ಆಡಲಾರೆ. ಅತ್ತೆಯನ್ನು ಅವರ ನೆರಳುಬಟ್ಟೆಯ ಕೆಳಗೆ ನೆಲದ ಮೇಲೆ ಮಲಗಿಸಿದಳು, ನೋವಿಗೆ ಸೂಜಿ ಚುಚ್ಚಿದಳು, ದೂಳು ನಿಲ್ಲುವವರೆಗೂ ಮುಖಕ್ಕೆ ಸೆರಗು ಹಿಡಿದು ಕೂತಳು. ಗಾವಲಿನವನು ಎರಡು ಸಲ ಬಂದು ನೋಡಿ ಏನೂ ಹೇಳದೆ ಹೋದ. ನೆಲ ಅವರು ಗೂಟ ಹೊಡೆದದ್ದು, ಅದರ ಮೇಲೆ ಅವರ ಅತಿಥಿ ಮಲಗಿದ್ದಾಳೆ. ತಂಪೂರಿನ ಆಸ್ಪತ್ರೆಗೆ ಕರೆದೊಯ್ಯುತ್ತೀರಾ ಎಂದು ಕೇಳಿದೆ. ಇಂಚರ ಗಂಡನ ಮುಖ ನೋಡಿದಳು. “ಬಾಗಿಲಲ್ಲೇ ತಡೀತಾರೆ ಅಮ್ಮ, ಮನೆ ಇಲ್ಲದೋರನ್ನ ಒಳಗೆ ಬಿಡಲ್ಲ. ಬಿಡೋ ಹಾಗಿದ್ರೆ ಖಂಡಿತ ಕರ್ಕೊಂಡು ಹೋಗ್ತಿದ್ವಿ,” ಎಂದ ಪ್ರಣೀತ. ಅವನು ಸುಳ್ಳು ಹೇಳಲಿಲ್ಲ. ಅದು ನನಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅವನು ನಮ್ಮ ಮುರಿದ ಮಾಳಿಗೆಯ ಸುತ್ತ ಸುತ್ತಿದ. ಕೌದಿಯ ಹೊಲಿಗೆಯ ಮೇಲೆ ಕೈಯಾಡಿಸಿದ. “ಇದನ್ನ ಯಾರು ಹೊಲಿದಿದ್ದು? ಎಷ್ಟು ಚೆನ್ನಾಗಿದೆ! ಇದನ್ನ ನಮಗೆ ಕೊಟ್ರೆ ನಮ್ಮ ಚಿಪ್ಪಿನದನ್ನ ನಿಮಗೆ ಬಿಟ್ಟು ಹೋಗ್ತೀವಿ. ನಾವು ಊರಿಗೆ ಹೋಗಿ ಬೇರೆ ಹಾಕಿಸ್ಕೋತೀವಿ.”

ದ್ಯಾಮಣ್ಣ ಬೇಡವೆಂದ. ಕೋಲು ಮುರಿದ, ಬಟ್ಟೆ ಸೀಳಿದ ಮಾಳಿಗೆಯನ್ನು ಹೊತ್ತುಕೊಂಡು ಮುಂದಿನ ನೀರಿಗೆ ಹೇಗೆ ಹೋಗುವುದೆಂದು ಅವನಿಗೂ ತಿಳಿದಿರಲಿಲ್ಲ. ನಮ್ಮ ಗಡುವು ಅಂದೇ ಮುಗಿಯುತ್ತಿತ್ತು. ನೆಲದ ಮೇಲಿನಿಂದ ಅತ್ತೆ ಕರೆದಳು.

“ಕೊಟ್ಟಬಿಡೋ ದ್ಯಾಮಾ. ನಾ ಇನ್ನ ಏಣಿ ಹತ್ತೂದಿಲ್ಲ. ನೀವಿಬ್ಬರ ಹಿಡಿಯೂದಿದ್ರ ಸಾಕು.”

“ಯವ್ವಾ, ನಿನ್ನ ಸೆರಗು ಐತಿ ಅದರಾಗ.”

“ಸೆರಗು ಹೊತ್ತು ಎಲ್ಲಿಗೆ ಹೋಗಬೇಕಾಗೇತಿ ನಾ?”

ಕೊಟ್ಟೆವು. ಪ್ರಣೀತ ಒಳ್ಳೆಯ ಕೆಲಸಗಾರ, ತಾನೇ ನಿಂತು ಚಿಪ್ಪನ್ನು ನಮ್ಮ ಬಂಡಿಗೆ ಬಿಗಿದುಕೊಟ್ಟ, ಕೊಂಡಿಗೆ ಎಣ್ಣೆ ಹಾಕುವುದನ್ನು ತೋರಿಸಿದ. ಆಮೇಲೆ ಗೂಟಗಳನ್ನು ಒಂದೊಂದಾಗಿ ಕಿತ್ತು ಮಣ್ಣು ಒರೆಸಿ ಚೀಲಕ್ಕೆ ಹಾಕಿಕೊಂಡ. ನೆರಳುಬಟ್ಟೆ ಸುತ್ತಿದೊಡನೆ ಅತ್ತೆಯ ಮೇಲೆ ಬಿಸಿಲು ಬಿತ್ತು. ಗಾವಲಿನವನು ಹತ್ತಿರ ಬಂದು, “ಇನ್ನ ಎಬ್ಬಿಸ್ರಿ ಆಕಿನ್ನ,” ಎಂದ. ಇಂಚರ ಅಳುತ್ತಿದ್ದಳು. ಸೋಮವಾರ ಅವಳಿಗೆ ಕೆಲಸವಿತ್ತು.

ಅತ್ತೆಗೆ ಬಂಡಿಯ ಒಳಗೆ ಹಾಸಿಗೆ ಮಾಡಬೇಕಾದ್ದರಿಂದ ಒಳಗಿದ್ದದ್ದೆಲ್ಲ ಹೊರಗೆ ಬಂತು. ಹಿಂದಿನ ಸೀಟು ಬಿಚ್ಚಿ ಬಿಸಾಡಿದೆವು. ಬಟ್ಟೆಗಳ ಗಂಟು ಹಿಂಬಾಗಿಲಿಗೆ, ಪಾತ್ರೆಗಳು ಬಲಕ್ಕೆ, ಬಿತ್ತನೆಯ ಜೋಳ ಎಡಗಡೆಯ ಹಗೇವಿಗೆ. ಹೊರಗಿಟ್ಟದ್ದನ್ನು ತನ್ನದೆನ್ನಲು ಧೈರ್ಯ ಬೇಕು. ಹುನಗುಂದದ ನೀರಿನ ಬಳಿ ಯಾರೋ ಬೀಗ ಮುರಿದು ಜೋಳವನ್ನು ಒಯ್ದರು. ಹಸಿದವರೇ ಒಯ್ದಿರಬೇಕು, ಬೇಯಿಸಿ ತಿಂದಿರಬೇಕು. ಅತ್ತೆಗೆ ನಾವು ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಆದರೆ ಆ ದಿನದಿಂದ ನಿಂತ ಕಡೆಯ ಮಣ್ಣಿನ ಬಗ್ಗೆ ಕೇಳುವುದನ್ನು ಬಿಟ್ಟಳು. ಮೊದಲು ಪ್ರತಿ ನಿಲುಗಡೆಯಲ್ಲೂ, “ಇಲ್ಲಿ ಮಣ್ಣು ಕಪ್ಪೈತೋ ಕೆಂಪೈತೋ?” ಎಂದು ಕೇಳುತ್ತಿದ್ದಳು.

ಈಗ ಅವಳು ಬಂಡಿಯ ತಗಡಿನ ಚಾವಣಿ ನೋಡುತ್ತಾ ಮಲಗಿರುತ್ತಾಳೆ. ನಾವಿಬ್ಬರೂ ಅವಳ ಮೇಲೆ, ಗಾಳಿಗೆ ಅಲುಗದ ಚಿಪ್ಪಿನೊಳಗೆ. ಈರಸಂಗಪ್ಪ ಹೇಳಿದ್ದು ನಿಜ, ಬಲು ಗಟ್ಟಿ ಮಾಲು. ಹೋದ ತಿಂಗಳು ಹೆದ್ದಾರಿಯ ಪಕ್ಕದ ದೊಡ್ಡ ಫಲಕವೊಂದರಲ್ಲಿ ಉರುಳಾಟದ ಜಾಹೀರಾತು ಕಂಡೆವು. ಯಾವುದೋ ಹೊಸ ಜೋಡಿ ನಗುತ್ತಾ ಕೂತಿದೆ, ತಲೆಯ ಮೇಲೆ ಅತ್ತೆಯ ಕೌದಿ. ದ್ಯಾಮಣ್ಣ ಬಂಡಿ ನಿಲ್ಲಿಸಲಿಲ್ಲ.

ನಿಮ್ಮ ಕಾಲದಲ್ಲಿ ಕತ್ತೆಯ ಮೇಲೆ ಸಾಮಾನು ಹೇರಿಕೊಂಡು ಊರೂರು ತಿರುಗಿ, ಊರ ಹೊರಗೆ ಗುಡಾರ ಹಾಕುತ್ತಿದ್ದ ಜನ ಇದ್ದರಂತೆ. ಅವರು ಇಳಿಯುತ್ತಿದ್ದ ಜಾಗದಲ್ಲಿ ಒಂದು ದಿನ ಬೋರ್ಡು ಬಂತಂತೆ, ಇಲ್ಲಿ ಡೇರೆ ಹಾಕಬಾರದು ಎಂದು. ನೀವು ಆ ದಾರಿಯಲ್ಲಿ ಹೋಗಿದ್ದೀರಿ, ಬೋರ್ಡು ಓದಿದ್ದೀರಿ, ಅದು ನಿಮಗಲ್ಲವೆಂದು ಮುಂದೆ ಸಾಗಿದ್ದೀರಿ. ಅದು ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಹಾಕಿದ ಬೋರ್ಡು. ಆ ಮೊಮ್ಮಕ್ಕಳೇ ನಾವು. ಈ ಪತ್ರ ನಿಮ್ಮ ಕೈಸೇರುವ ಹೊತ್ತಿಗೆ ಆ ಬೋರ್ಡಿನ ಸಿಮೆಂಟು ಇನ್ನೂ ಹಸಿಯಾಗಿದ್ದರೆ, ದಯವಿಟ್ಟು ಇಳಿದು ಹೋಗಿ ಅದನ್ನು ಕಿತ್ತುಹಾಕಿ.

ಗಾವಲಿನವನ ಸೀಟಿ ಕೇಳುತ್ತಿದೆ. ನಾವು ಹೊರಡಬೇಕು.

ನಿಮ್ಮವಳೇ ಆದ,
ಹುಲಿಗೆವ್ವ